ಗಂಧದ ಬೊಟ್ಟಿನ ಮೇಲೆ ಕೂರಿಸಿದ ಗೂಬೆ

ಮೊನ್ನೆ ಆಯುಧಪೂಜೆಗೆಂದು ಬೆಳ್ಳಾರೆಗೆ, ಲೀಲಕ್ಕನ ಟೈಪಿಂಗ್ ಅಂಗಡಿಗೆ ಹೋಗಿದ್ದೆ. ತೇಯ್ದ ಗಂಧದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಿವಿ ಬಿಸಿಯಾಯಿತು. ಭಕ್ತಿಯಿಂದ ಎಂದುಕೊಂಡಿರೋ? ನಾಚಿಕೆಯಿಂದ ಮಾರಾಯ್ರೆ!

ಐದಾರು ವರ್ಷಗಳ ಹಿಂದೆ ನಾವಿಬ್ಬರೂ ಪುತ್ತೂರಿನ ಒಂದು ಪ್ರೆಸ್ಸಿನಲ್ಲಿದ್ದೆವು. ಲೀಲಕ್ಕ ಮದುವೆ ಕಾಗದ ಟೈಪು ಮಾಡುವವರು, ನಾನು ಕಂಪ್ಯೂಟರ್ ಪಂಡಿತ. ಬೇರೆ ಯಾರೂ ಹಾಗೆ ಕರೆಯದ ಕಾರಣ ನಾನೇ ಕರೆದುಕೊಳ್ಳುತ್ತಿದ್ದೆ. ಅಲ್ಲಿನ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದೂ ನಾನೇ. "ಇದನ್ನು ಆಫ್ ಮಾಡುವುದೇ ಬೇಡ" ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಇನ್ವರ್ಟರಿನ ದಯೆಯಿಂದ ಅದು ಆಫ್ ಆಗುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಅವತ್ತು ಆಯುಧಗಳಿಗೆಲ್ಲ ರಜೆಯಲ್ಲವೇ?

ಆ ವರ್ಷ ಪೂಜೆಗೆ ಎರಡು ತಿಂಗಳ ಮೊದಲು, ಆಟಿ ತಿಂಗಳಲ್ಲಿ, ಕಂಪ್ಯೂಟರ್ ಆಫ್ ಮಾಡದೆಯೇ ಹೊಸ ಡಿಸ್ಕೊಂದನ್ನು ಕೈಯಾರೆ ಜೋಡಿಸಿದ್ದೆ. ಮುಂದೆ ಅದು ತಾನಾಗಿ ಜೋಡಣೆಯಾಗಲಿ ಎಂದು, ಕಂಪ್ಯೂಟರ್ ಏಳುವಾಗ ಓದುವ ಫೈಲಿಗೆ ಒಂದು ಸಾಲು ಸೇರಿಸಿದೆ. ಡಿಸ್ಕಿನ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಯಿತು. ಆದರೆ ಆ ಸಾಲಿನ ಮೇಲೆ ನನ್ನ ಹೆಸರು ಬರೆಯಲು ಮರೆಯಲಿಲ್ಲ. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟವರು ಅದರ ಮೇಲೆಯೇ ಹೆಸರು ಬರೆಸುತ್ತಾರಲ್ಲ, ಹಾಗೆ. ಪರೀಕ್ಷಿಸಿ ನೋಡುವುದು ಪಂಡಿತರಿಗೆ ಹೇಳಿ ಮಾಡಿಸಿದ್ದಲ್ಲ.

ಆಯುಧಪೂಜೆ ಬಂತು. ಲೀಲಕ್ಕ ಕಂಪ್ಯೂಟರಿಗೆ ಗಂಧ ಹಚ್ಚಿ, ಹೂವಿಟ್ಟು, ಎರಡು ಹನಿ ತೀರ್ಥ ಪ್ರೋಕ್ಷಿಸಿದರು. ಮರುದಿನ ಸ್ವಿಚ್ ಒತ್ತಿದರೆ ಕಪ್ಪು ಪರದೆ, ಬಿಳಿ ಅಕ್ಷರ, ಮುಂದಕ್ಕಿಲ್ಲ. ಹೊರಗೆ ಮಗಳ ಮದುವೆ ಕಾಗದಕ್ಕೆಂದು ಕಡಬದಿಂದ ಬಂದವರು ಕಾದು ಕೂತಿದ್ದರು. ಡಿಸ್ಕು ಸಿಗುತ್ತಿಲ್ಲವೆಂದು ಪರದೆಯೇ ಹೇಳುತ್ತಿತ್ತು. ನನಗೆ ಆಗಲೇ ಗೊತ್ತಾಯಿತು, ಇದು ನನ್ನದೇ ಘನಕಾರ್ಯ.

"ಎಂತ ಆಯ್ತು?" ಎಂದರು ಪ್ರೆಸ್ಸಿನ ಧನಿಗಳು.

"ನೀರು ತಾಗಿರ್ಬೇಕು" ಎಂದಿತು ನನ್ನ ಬಾಯಿ.

"ಕಂಪ್ಯೂಟರನ್ನು ಮೀಯಿಸ್ಲಿಕ್ಕೆ ನಿಮ್ಮತ್ರ ಯಾರು ಹೇಳಿದ್ದು ಲೀಲಾ? ಇನ್ನು ಅದನ್ನು ಮುಟ್ಟುದು ಬೇಡ. ಕಾಗದ ಮಡಚಿದ್ರೆ ಸಾಕು." ಧನಿಗಳು ಲೀಲಕ್ಕನ ಮೇಲೆ ಹರಿಹಾಯ್ದರು.

ಲೀಲಕ್ಕ ಒಣಬಟ್ಟೆ ತಂದು ಗಂಧ ಒರೆಸಿ, ನನ್ನ ಹಿಂದೆಯೇ ನಿಂತರು. ಫೈಲು ತೆರೆದು, ಆ ಸಾಲಿನ ತಲೆಗೊಂದು ಚಿಹ್ನೆ ಹಾಕಿ, ಕಂಪ್ಯೂಟರ್ ಅದನ್ನು ಓದದಂತೆ ಬಾಯಿ ಮುಚ್ಚಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ. ನಾನು ಹುಬ್ಬು ಗಂಟಿಕ್ಕಿ, ಎರಡು ಚಾ ಕುಡಿದು, ಅದನ್ನೇ ಒಂದು ಗಂಟೆ ಎಳೆದೆ. "ನೀವಿದ್ದದ್ದಕ್ಕೆ ಆಯ್ತು" ಎಂದರು ಧನಿಗಳು. ನಾನು ವಿನಯದಿಂದ ತಲೆ ತಗ್ಗಿಸಿದೆ. ಥೂ! ತಿಂಗಳೆರಡು ಕಾಗದ ಮಡಚಿದ ಲೀಲಕ್ಕ ಕೆಲಸ ಬಿಟ್ಟು ಊರಿಗೆ ಹೋದರು.

ಮೊನ್ನೆ ಅವರು ಕೈಗೆ ಪಂಚಕಜ್ಜಾಯ ಹಾಕಿದರು. ಅದನ್ನು ಬಾಯಿಗಿಡುವ ಮೊದಲೇ, "ಲೀಲಕ್ಕ, ಅವತ್ತು ನೀರಲ್ಲ. ಫೈಲಿನಲ್ಲಿ ತಪ್ಪು ಬರೆದದ್ದು ನಾನು" ಎಂದುಬಿಟ್ಟೆ.

"ಗೊತ್ತುಂಟು. ಹಿಂದೆಯೇ ನಿಂತಿದ್ದೆ ಅಲ್ವಾ? ನಿಮ್ಮ ಹೆಸರೇ ಇತ್ತಲ್ಲ ಅದ್ರಲ್ಲಿ."

"ಮತ್ತೆ ಧನಿಗಳಿಗೆ ಯಾಕೆ ಹೇಳ್ಲಿಲ್ಲ?"

"ನಾನು ಯಾಕೆ ಹೇಳುದು? ನಿಮಗೆ ಬಾಯಿ ಇರ್ಲಿಲ್ವಾ?"

ಎಂದವರೇ ಗಂಧದ ಬಟ್ಟಲನ್ನು ನನ್ನ ಕೈಗಿತ್ತರು. "ಈ ಸಲ ಕಂಪ್ಯೂಟರಿಗೆ ನೀವೇ ಹಚ್ಚಿ. ನಾಳೆ ಆನ್ ಆಗದಿದ್ರೆ ಯಾರನ್ನು ಬೈಯುದೂಂತ ಗೊತ್ತಿರ್ಲಿ."

ಹಚ್ಚಿದೆ. ಮರುದಿನ ಮೊದಲ ಬಸ್ಸಿಗೇ ಪುತ್ತೂರಿನಿಂದ ಹೊರಟು, ಲೀಲಕ್ಕ ಬಾಗಿಲು ತೆರೆಯುವ ಮೊದಲೇ ಅವರ ಅಂಗಡಿಯ ಮೆಟ್ಟಿಲಲ್ಲಿ ಕುಳಿತಿದ್ದೆ.