ಜೊತೆಗೆ ಯಾರು ಬಂದಿದ್ದಾರೆ

ರಾಯದುರ್ಗದ ಮಟನ್ ಅಂಗಡಿಯ ಮುಂದೆ ಬೆಳಿಗ್ಗೆ ಆರಕ್ಕೇ ಥರ್ಮಾಸ್ ಫ್ಲಾಸ್ಕ್ ಹಿಡಿದು ನಿಲ್ಲುತ್ತಿದ್ದವಳು ಇಡೀ ಊರಿಗೆ ನಾನೊಬ್ಬಳೇ. ಮೊದಮೊದಲು ಗಿರಾಕಿಗಳು ನನ್ನನ್ನು ಚಹಾ ಮಾರುವವಳೆಂದು ತಿಳಿದು ಅರ್ಧ ಕಪ್ ಕೇಳುತ್ತಿದ್ದರು. ಫ್ಲಾಸ್ಕಿನಲ್ಲಿದ್ದದ್ದು ಉಗುರುಬೆಚ್ಚಗಿನ ಉಪ್ಪುನೀರು. ಕೊಯ್ದ ಕುರಿಗಳ ಅಂಡಾಶಯಗಳನ್ನು ಅದರಲ್ಲಿ ಹಾಕಿಕೊಂಡು, ಬಿಸಿ ಆರುವ ಮೊದಲು ಬಳ್ಳಾರಿಯ ಒಂದು ಪ್ರಯೋಗಾಲಯಕ್ಕೆ ಮುಟ್ಟಿಸುವುದು ನನ್ನ ಕೆಲಸ. ಹುಣಸೆಬೀಜಕ್ಕಿಂತ ತುಸು ದೊಡ್ಡದಿರುವ ಅಂಡಾಶಯದ ಮೈಮೇಲೆ ಸಣ್ಣ ಸಣ್ಣ ನೀರುಗುಳ್ಳೆಗಳಿರುತ್ತವೆ. ಸೂಜಿ ಹಾಕಿ ಆ ನೀರನ್ನು ಎಳೆದರೆ ಅದರೊಳಗೆ ಅಂಡಾಣು ಸಿಗುತ್ತದೆ. ಅದನ್ನು ಹೆಪ್ಪುಗಟ್ಟಿಸಿ ಇಟ್ಟು, ಕೆಲವು ವಾರ ಬಿಟ್ಟು ಕರಗಿಸಿ, ಎಷ್ಟು ಬದುಕಿವೆ ಎಂದು ನೋಡುತ್ತಿದ್ದೆವು. ಕುರಿಯಲ್ಲಿ ಕಲಿತದ್ದು ಮುಂದೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಂಡಾಣು ಕಳೆದುಕೊಳ್ಳುವ ಹೆಣ್ಣುಮಕ್ಕಳ ಕೈಹಿಡಿಯುತ್ತದೆ ಎಂದು ಪ್ರಯೋಗಾಲಯ ನಡೆಸುವ ನಮ್ಮ ಮೇಡಂ ಹೇಳುತ್ತಿದ್ದರು. ನಾನೂ ಬಂದವರಿಗೆಲ್ಲ ಅದನ್ನೇ ಜಂಬದಿಂದ ಹೇಳುತ್ತಿದ್ದೆ.

ಅಂಗಡಿಯವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಐವತ್ತು ದಾಟಿದ ಮನುಷ್ಯ. "ಮಂದಿ ತೊಡಿ ಕೇಳ್ತಾರ, ತಲಿ ಕೇಳ್ತಾರ. ಇದನ್ನ ಕೇಳಾಕಿ ನೀ ಒಬ್ಬಾಕೀನ ನೋಡವ್ವ" ಎಂದು ನಗುತ್ತ, ಚಾಕುವಿನ ತುದಿಯಲ್ಲಿ ಅಂಡಾಶಯವನ್ನು ಗಾಯವಾಗದಂತೆ ಬಿಡಿಸಿ ಕೊಡುತ್ತಿದ್ದ. ಅಷ್ಟು ಶುದ್ಧವಾಗಿ ಬಿಡಿಸುವುದು ನಮ್ಮ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದವರಿಗೂ ಬರುತ್ತಿರಲಿಲ್ಲ.

ಆತ ನನ್ನನ್ನು ಅಂಗಡಿಯೊಳಗೆ ಬಿಟ್ಟುಕೊಂಡದ್ದು ನನ್ನ ವಿಜ್ಞಾನ ನೋಡಿ ಅಲ್ಲ, ನಮ್ಮಪ್ಪನ ಮುಖ ನೋಡಿ. ನಮ್ಮೂರು ಗುಮ್ಮಘಟ್ಟದ ಕಡೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ಮುಂದೆ ಮನೆಯೆಂದರೆ ಅಪ್ಪ, ನಾನು, ಮತ್ತು ಕುರಿ. ಅಪ್ಪ ಕುರಿಯ ಹೊಟ್ಟೆಯಡಿ ಕೈಯಾಡಿಸಿದನೆಂದರೆ ಗಬ್ಬವೋ ಅಲ್ಲವೋ ಹೇಳಿಬಿಡುತ್ತಿದ್ದ. ಎರಡು ಸಲ ಗಬ್ಬ ನಿಲ್ಲದ ಕುರಿಗೆ ಮೂರನೇ ಅವಕಾಶ ಇರಲಿಲ್ಲ. "ಗೊಡ್ಡು ಐತಿ, ಮೇವು ದಂಡ" ಎಂದು ರಾಯದುರ್ಗಕ್ಕೆ ಹೊಡೆದುಕೊಂಡು ಬಂದು ಇದೇ ಅಣ್ಣನಿಗೆ ಮಾರುತ್ತಿದ್ದ. ಇಬ್ಬರದೂ ಇಪ್ಪತ್ತು ವರ್ಷದ ವ್ಯವಹಾರ. ಕುರಿ ಸಾಕಿದವರೆಲ್ಲ ಮಾಡುವುದು ಇದನ್ನೇ, ಇದರಲ್ಲಿ ಅಪ್ಪನದು ವಿಶೇಷವಾದ ಕಲ್ಲುಮನಸ್ಸೇನೂ ಅಲ್ಲ. ನಾನೂ ಅದನ್ನು ನೋಡಿಯೇ ಬೆಳೆದವಳು, ಒಮ್ಮೆಯೂ ಯಾಕೆ ಎಂದು ಕೇಳಿದವಳಲ್ಲ.

ಒಂದು ಬೆಳಿಗ್ಗೆ ಅಣ್ಣ ಕೊಯ್ದ ಕುರಿಯ ಎಡಗಿವಿಯ ತುದಿಯಲ್ಲಿ ಎರಡು ಕಚ್ಚು ಕಂಡವು. ಅದು ನಮ್ಮ ಹಿಂಡಿನ ಗುರುತು. ಗರ್ಭಕೋಶ ಬಿಡಿಸಿದರೆ ಒಳಗೆ ಹೆಬ್ಬೆರಳು ಗಾತ್ರದ ಎರಡು ಮರಿಗಳಿದ್ದವು. ಅಣ್ಣ ಚಾಕು ಕೆಳಗಿಟ್ಟ. ನಾನು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ಮೊನ್ನೆ ನೀ ಮಾರಿದ್ದು ಗೊಡ್ಡಲ್ಲ. ಒಳಗ ಎರಡು ಮರಿ ಅದಾವ" ಎಂದೆ. ಅಪ್ಪ "ಹೌದಾ" ಎಂದಷ್ಟೇ ಹೇಳಿ ಫೋನ್ ಇಟ್ಟ. ಆ ದಿನ ಆತ ಉಣ್ಣಲಿಲ್ಲವಂತೆ. ಹೇಳುವ ಅಗತ್ಯವೇನಿತ್ತು ನನಗೆ? ನಲವತ್ತು ವರ್ಷ ಕುರಿ ಮುಟ್ಟಿ ನೋಡಿದ ಅಪ್ಪನ ಕೈಗಿಂತ ನನ್ನ ಓದು ದೊಡ್ಡದು ಎಂದು ತೋರಿಸುವ ಚಪಲ, ಅಷ್ಟೇ.

ಇದಾಗಿ ಕೆಲವು ತಿಂಗಳಿಗೆ ನನ್ನದೇ ವಿಷಯ ಎದ್ದಿತು. ಆಗ ನನಗೆ ಮೂವತ್ತೆರಡು. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗತೊಡಗಿತ್ತು. ಬಸ್ಸಿನ ಓಡಾಟ, ಬಿಸಿಲು, ಹೊತ್ತಿಗೆ ಸರಿಯಾಗಿ ಉಣ್ಣದಿರುವುದು ಎಂದೆಲ್ಲ ನೆಪ ಹೇಳಿಕೊಂಡಿದ್ದೆ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಳ್ಳಲ್ಲ. ಮಡಕಶಿರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಅಲ್ಲಿ ಸಚಿವಾಲಯಂ ಎನ್ನುವ ಊರಿನ ಸರ್ಕಾರಿ ಕಚೇರಿಯಲ್ಲಿ ನೌಕರಿಯಲ್ಲಿದ್ದ, ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ, ಹೆಚ್ಚು ಮಾತಾಡದೆ ನಾನು ಹೇಳಿದ್ದನ್ನು ಕೇಳುತ್ತಿದ್ದ. ನನಗೆ ಆತ ಹಿಡಿಸಿದ್ದ. ಮದುವೆಗೆ ಮೊದಲು ತೋರಿಸಿಕೊಂಡುಬಿಡೋಣ ಎಂದು ಬಳ್ಳಾರಿಯಲ್ಲಿ ಒಬ್ಬ ವೈದ್ಯೆಯ ಬಳಿ ಹೋದೆ. ಅಂಡಾಶಯದಲ್ಲಿ ಇನ್ನೆಷ್ಟು ದಾಸ್ತಾನಿದೆ ಎಂದು ಅಂದಾಜು ಹೇಳುವ ರಕ್ತಪರೀಕ್ಷೆ ಮಾಡಿಸಿದರು. ಕಾಗದ ನೋಡಿ, "ಬಹಳ ಕಡಿಮೆ ಉಳಿದಿದೆ. ನಿಮಗೆ ಇದನ್ನೆಲ್ಲ ನಾನು ವಿವರಿಸಬೇಕಾಗಿಲ್ಲ ಅಲ್ಲವಾ?" ಎಂದರು.

ವಿವರಿಸಬೇಕಾಗಿರಲಿಲ್ಲ. ಹೆಣ್ಣಿಗೆ ಹುಟ್ಟುವಾಗಲೇ ಕೊಟ್ಟು ಕಳಿಸಿದ ಬುತ್ತಿ ಅದು, ಮತ್ತೆ ತುಂಬುವುದಿಲ್ಲ. ನನ್ನ ಬುತ್ತಿ ಅರ್ಧ ದಾರಿಯಲ್ಲೇ ಖಾಲಿಯಾಗಿತ್ತು. ಇರುವ ನಾಲ್ಕಾರನ್ನು ಈಗಲೇ ತೆಗೆದು ಹೆಪ್ಪುಗಟ್ಟಿಸಿ ಇಡಬಹುದು, ತಡ ಮಾಡಬಾರದು ಎಂದರು. ಆಗಲಿ ಎಂದೆ. ಅಪ್ಪನಿಗೆ ಹೇಳಲಿಲ್ಲ. ಹೇಳಲು ಹೆದರಿಕೆಯಾಯಿತು, ಅದೇ ನಿಜ. ಹುಡುಗನಿಗೂ ಹೇಳಲಿಲ್ಲ. ಅಂಡಾಣು ಸಿಕ್ಕ ಮೇಲೆ ಹೇಳಿದರಾಯಿತು, ಆಗ ಹೇಳಲು ನನ್ನ ಕೈಯಲ್ಲಿ ಏನಾದರೂ ಇರುತ್ತದೆ ಎಂದುಕೊಂಡೆ.

ಹತ್ತು ದಿನ ಹೊಟ್ಟೆಗೆ ನಾನೇ ಸೂಜಿ ಚುಚ್ಚಿಕೊಂಡೆ. ರಾಯದುರ್ಗದ ಬಾಡಿಗೆ ಕೋಣೆಯಲ್ಲಿ, ಬಾಗಿಲಿಗೆ ಅಗುಳಿ ಹಾಕಿ, ರೇಡಿಯೋ ಸ್ವಲ್ಪ ಜೋರಾಗಿ ಇಟ್ಟು. ನೋವಿಗಿಂತ ಹೆಚ್ಚು ಕಾಡಿದ್ದು ಮಾತಿಲ್ಲದಿರುವುದು. ಇವತ್ತು ಎಷ್ಟನೆಯದು ಎಂದು ಕೇಳುವ ಒಂದು ದನಿ ಇದ್ದಿದ್ದರೆ ಸಾಕಿತ್ತು. ಗೋಡೆಯ ಕ್ಯಾಲೆಂಡರಿಗೆ "ಐದಾಯ್ತು", "ಆರಾಯ್ತು" ಎಂದು ಹೇಳಿಕೊಳ್ಳುತ್ತಿದ್ದೆ.

ಅಂಡಾಣು ತೆಗೆಯುವ ದಿನ ಎಚ್ಚರ ತಪ್ಪಿಸುತ್ತೇವೆ, ಜೊತೆಗೆ ಒಬ್ಬರು ಬರಲೇಬೇಕು, ಇಲ್ಲದಿದ್ದರೆ ಮಾಡುವುದಿಲ್ಲ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದರು. ಯಾರನ್ನು ಕರೆಯಲಿ? ಗೆಳತಿಯರೆಲ್ಲ ಮಕ್ಕಳೊಂದಿಗರು, ಒಬ್ಬಳಿಗೆ ಹೇಳಿದರೆ ಸಂಜೆಯೊಳಗೆ ನಮ್ಮೂರಿಗೆ ಮುಟ್ಟುತ್ತದೆ. ಮೇಡಂಗೆ ಹೇಳಲು ನಾಚಿಕೆ. ಕೊನೆಗೆ ಅಂಗಡಿಯ ಅಣ್ಣನನ್ನು ಕೇಳಿದೆ. ಅಂಡಾಶಯ ಎಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲದ ಮನುಷ್ಯ ಆ ಊರಿನಲ್ಲಿ ಆತನೊಬ್ಬನೇ ಇದ್ದ. ಅಣ್ಣ ಪೂರ್ತಿ ಕೇಳಿ, "ಯಾವತ್ತು?" ಎಂದ. "ಗುರುವಾರ. ಅಪ್ಪಗ ಹೇಳಬ್ಯಾಡಣ್ಣ" ಎಂದೆ. ಆತ ತಲೆಯಾಡಿಸಿದ.

ಗುರುವಾರ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. "ಜೊತೆಗೆ ಯಾರು ಬಂದಿದ್ದಾರೆ?" ಎಂದು ನರ್ಸ್ ಕೂಗಿದಾಗ ಮದುವೆ ಮನೆಯಲ್ಲಿ ಹೆಸರು ಕರೆಸಿಕೊಂಡವರಂತೆ ತಟ್ಟನೆ ಎದ್ದು ನಿಂತು, "ನಾನ್ರಿ, ಅಣ್ಣ ಆಗಬೇಕ್ರಿ" ಎಂದ. ಎಚ್ಚರವಾದ ಮೇಲೆ ವೈದ್ಯೆ ಬಂದು ಮಂಚದ ಪಕ್ಕ ಕುಳಿತರು. ಅವರು ಕುಳಿತದ್ದು ನೋಡಿಯೇ ನನಗೆ ಗೊತ್ತಾಯಿತು. ಮೂರು ಗುಳ್ಳೆ ಬೆಳೆದಿದ್ದವು, ಮೂರರ ನೀರನ್ನೂ ಎಳೆದು ನೋಡಿದರು, ಒಂದರಲ್ಲೂ ಅಂಡಾಣು ಸಿಗಲಿಲ್ಲ. ಇನ್ನೊಮ್ಮೆ ಮಾಡಬಹುದು, ಆದರೆ ಸುಳ್ಳು ಆಸೆ ಹುಟ್ಟಿಸಲಾರೆ ಎಂದರು. ಅಣ್ಣ ಹೊರಗೆ ಕಾಯುತ್ತಿದ್ದ. "ಎಷ್ಟು ಸಿಕ್ಕವವ್ವ?" ಎಂದ. "ಒಂದೂ ಇಲ್ಲಣ್ಣ" ಎಂದೆ. ರಾಯದುರ್ಗದ ಬಸ್ಸಿನಲ್ಲಿ ಆತ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ.

ಎರಡು ದಿನ ಬಿಟ್ಟು ಕೆಲಸಕ್ಕೆ ಹೋದೆ. ಅಂದು ತಂದ ಅಂಡಾಶಯಗಳು ಹಲ್ಲು ಸವೆದ ಮುದಿ ಕುರಿಗಳವು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒಂದಲ್ಲ ಎರಡಲ್ಲ, ದುಂಡಗೆ, ಹೊಳೆಯುತ್ತ, ಕಣ್ಣು ಹಾಯಿಸಿದಲ್ಲೆಲ್ಲ ಅಂಡಾಣು. ಕುರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಕಣ್ಣಿಗೆ ಕಸ ಬಿತ್ತು ಎಂದು ಹೇಳಿ ಹೊರಗೆ ಹೋಗಿ ಅತ್ತೆ.

ಅಷ್ಟರಲ್ಲಿ ಅಪ್ಪ ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಿಕೊಂಡು ಬಂದಿದ್ದ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಅದು ಮೋಸ. ಭಾನುವಾರ ಊರಿಗೆ ಹೋದೆ. ಅಪ್ಪ ಹಟ್ಟಿಯಲ್ಲಿ ಕುರಿಯ ಗೊರಸು ಕತ್ತರಿಸುತ್ತಿದ್ದ. ಎದುರಿಗೆ ಕುಳಿತು, "ಅಪ್ಪಾ, ನನಗ ಮಕ್ಕಳಾಗಂಗಿಲ್ಲಂತ. ಡಾಕ್ಟರು ನೋಡ್ಯಾರ" ಎಂದೆ.

ಅಪ್ಪ ಕತ್ತರಿ ನಿಲ್ಲಿಸಲಿಲ್ಲ. "ಡಾಕ್ಟರೂ ಮನಷ್ಯಾರ ಅಲ್ಲೇನವ್ವ? ನಲವತ್ತು ವರ್ಷ ಕೈಯಾಡಿಸಿದಾವ ನಾನು. ನಾನ ತಪ್ಪಲಿಲ್ಲೇನು? ಗೊಡ್ಡು ಅಂತ ಮಾರಿದೆ, ಒಳಗ ಎರಡು ಮರಿ ಅದಾವ ಅಂತ ನೀನ ಹೇಳಿದಿ."

"ಅದು ಬ್ಯಾರೆ ಅಪ್ಪಾ."

"ಏನೂ ಬ್ಯಾರೆ ಅಲ್ಲ. ಮೈಯೊಳಗಿಂದು ಯಾರಿಗೂ ತಿಳಿಯಂಗಿಲ್ಲ. ಸುಮ್ಕಿರು."

ಎಷ್ಟು ಹೇಳಿದರೂ ಆತ ಅದನ್ನೇ ಹಿಡಿದು ಕುಳಿತ. ಆತನನ್ನು ಸೋಲಿಸಲೆಂದು ನಾನು ಆಡಿದ ಮಾತೇ ಈಗ ಆತನ ಧೈರ್ಯವಾಗಿತ್ತು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟ ಬಂತು. ಇಷ್ಟು ದಿನ ಹೇಳದೆ ಒಬ್ಬಳಾಗಿದ್ದೆ, ಹೇಳಿದ ಮೇಲೂ ಒಬ್ಬಳೇ ಉಳಿದೆ.

ಮುಂದಿನ ವಾರ ಹುಡುಗನೊಬ್ಬನನ್ನು ಬಿಟ್ಟು ಯಾರಿಗೂ ತಿಳಿಸದೆ, ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಿಸುತ್ತ ಮಡಕಶಿರಕ್ಕೆ ಹೋದೆ. ಹುಡುಗ ಬೈಕಿನಲ್ಲಿ ಹತ್ತಿರದ ಹೇಮಾವತಿ ಎಂಬ ಊರಿನ ಗುಡಿಗೆ ಕರೆದೊಯ್ದ. ಗುಡಿಯ ಆವರಣದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಬೇರೆ ಹೆಂಗಸಿನ ಅಂಡಾಣು ಪಡೆದು ಬಸಿರಾಗಬಹುದು, ಅದೂ ಖಾತ್ರಿಯಿಲ್ಲ ಎನ್ನುವುದನ್ನೂ ಬಿಡಲಿಲ್ಲ. ಆತ ನೆಲದ ಮೇಲಿನ ಕಡ್ಡಿಯೊಂದನ್ನು ಎತ್ತಿ ಮುರಿದು ಎಸೆದ. ಆಮೇಲೆ, "ನಂಗೇನೂ ಬ್ಯಾಸ್ರ ಇಲ್ಲ ಕಣ್ರಿ. ಮದ್ವೆ ಆಗಾಣ. ಆದ್ರೆ ನಮ್ಮಮ್ಮಂಗೆ ಇದು ಗೊತ್ತಾಗೋದ್ ಬ್ಯಾಡ. ಮದ್ವೆ ಆದ್ಮೇಲೆ ಇಂಗಂತ ಗೊತ್ತಾಯ್ತು ಅಂತ ಯೇಳಾಣ. ಆಗ ಯಾರೂ ಏನೂ ಮಾಡಕ್ಕಾಗಲ್ಲ" ಎಂದ.

ಒಳ್ಳೆಯ ಮನುಷ್ಯ. ಲೋಕ ಕೇಳಿದರೆ ಇಂಥ ಗಂಡು ಸಿಗಲು ಪುಣ್ಯ ಮಾಡಿರಬೇಕು ಅಂದೀತು. ಆದರೆ ಆತನ ತಾಯಿ ನನ್ನನ್ನು ಗುಡಿಯಿಂದ ಗುಡಿಗೆ ಹರಕೆ ಹೊರಿಸುತ್ತ ಕರೆದೊಯ್ಯುವುದು, ಎಲ್ಲ ಗೊತ್ತಿದ್ದೂ ನಾನು ಕೈಮುಗಿದು ನಿಲ್ಲುವುದು, ಇದೆಲ್ಲ ಕಣ್ಣಿಗೆ ಕಟ್ಟಿದಂತಾಯಿತು. ಕೆಲವೇ ವಾರ ಮುಚ್ಚಿಟ್ಟದ್ದಕ್ಕೇ ನಾನು ಅರ್ಧ ಆಗಿದ್ದೆ. "ನನ್ ಕೈಲಿ ಆಗಂಗಿಲ್ರಿ" ಎಂದೆ. ಆತ ಮತ್ತೆ ಕೇಳಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಿಟ್ಟು, ನೀರಿನ ಬಾಟಲಿ ಕೊಡಿಸಿ ಹೋದ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಮಡಕಶಿರದಲ್ಲಿದ್ದೇನೆ, ಮದುವೆ ಬೇಡವೆಂದು ಹೇಳಿದೆ ಎಂದೆ.

"ಅವರು ಬ್ಯಾಡಂದ್ರೇನು?"

"ಇಲ್ಲಪ್ಪ. ನಾನ ಬ್ಯಾಡಂದೆ."

ಅಪ್ಪ ಎಂದೂ ಮಾತಾಡದ ಸಣ್ಣ ದನಿಯಲ್ಲಿ, "ಹಂಗಾರ ಅದು ಖರೇನ ಏನವ್ವ?" ಎಂದ.

"ಖರೇನ ಅಪ್ಪಾ. ಎಚ್ಚರ ತಪ್ಪಿಸಿ, ಸೂಜಿ ಹಾಕಿ ನೋಡಿದ್ರು. ಒಳಗ ಏನೂ ಇಲ್ಲ."

"ಒಬ್ಬಾಕೀನ ಹೋಗಿದ್ದೇನು?"

"ಇಲ್ಲಪ್ಪ. ಅಂಗಡಿ ಅಣ್ಣ ಬಂದಿದ್ದ."

ಅದನ್ನು ಸಮಾಧಾನಕ್ಕೆಂದು ಹೇಳಿದ್ದೆ. ಮಗಳು ಒಬ್ಬಳೇ ಇರಲಿಲ್ಲ ಎಂದು ಆತನಿಗೆ ನೆಮ್ಮದಿಯಾಗಲಿ ಎಂದು.

"ಹೋದ ವಾರ ಎರಡು ಕುರಿ ಹೊಡಕೊಂಡು ಹೋಗಿದ್ದೆ" ಎಂದ ಅಪ್ಪ. "ಕುಂಡ್ರಿಸಿ ಚಹಾ ಕುಡಿಸಿದ. ಏನೂ ಅನ್ನಲಿಲ್ಲ. ಅವಂಗ ಗೊತ್ತಿತ್ತು." ಆಮೇಲೆ ಕೇಳಿದ, "ಅವಂಗ ಹೇಳಿದಿ. ನನಗ ಯಾಕ ಹೇಳಲಿಲ್ಲವ್ವ?"

ಯಾಕೆ ಎನ್ನುವುದು, ಗೊಡ್ಡು ಕುರಿಗೆ ಆತನೇ ಹೇಳುತ್ತಿದ್ದ ಮಾತು, ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಕೇಳಿದರೆ ಅಪ್ಪ ಮತ್ತೆ ಹಟ್ಟಿಗೆ ಕಾಲಿಡಲಾರ ಎಂದೂ ಗೊತ್ತಿತ್ತು.

"ಬಸ್ ಬಂತಪ್ಪ, ಇಡ್ತೀನಿ" ಎಂದೆ. ಬಸ್ ಇನ್ನೂ ಬಂದಿರಲಿಲ್ಲ.