ಮಾಸ್ತರರ ರವಿವಾರದ ಸಭೆಗೆ ದೊಡ್ಡಾಚಾರ್ರನ್ನು ಕರೆಸಿದ್ದು

ನಿಮಗೂ ಹೀಗಾಗಿದೆಯಾ? ಮೇಣಬತ್ತಿ ಆರಿಸಿದ ಮೇಲೆ ಏಳುತ್ತದಲ್ಲ, ಆ ಕಮಟು ಹೊಗೆ... ಅದು ಮೂಗಿಗೆ ಬಡಿದ ಕೂಡಲೇ ಒಬ್ಬರ ನೆನಪಾಗಿ ಕಣ್ಣು ತುಂಬಿ, ಅದೇ ಉಸಿರಿಗೆ ಇನ್ನೊಬ್ಬರ ನೆನಪಾಗಿ ಹಲ್ಲು ಕಡಿಯುವಂತಾಗಿದೆಯಾ? ನನಗೆ ಮೊನ್ನೆ ಆಯಿತು. ಮಾನ್ವಿಯಲ್ಲಿ ಕರೆಂಟ್ ಹೋಗಿತ್ತು. ಪಕ್ಕದಲ್ಲೊಂದು ಮೇಣಬತ್ತಿ ಹಚ್ಚಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದೆ. ಕರೆಂಟ್ ಬಂತು, ಊದಿ ಆರಿಸಿದೆ. ಅಷ್ಟೇ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ನಾನು ಗೋಡೆಯಾಚೆಗಿನ ಮನೆ ನೋಡುತ್ತಾ ಕೂತುಬಿಟ್ಟೆ.

ಆ ಮನೆಯಲ್ಲಿ ಮಾಸ್ತರರಿದ್ದರು.

ನನ್ನನ್ನು ಇಲ್ಲಿ ಓದುವವರಿಗೆ ಗೊತ್ತೇ ಇದೆ, ನಾನು ದೇವದುರ್ಗ ಕಡೆಯ ಅರಕೇರಾದವಳು, ಕುರಿ ಕಾಯುವ ಮನೆತನದವಳು, ಮದುವೆಯಾಗಿ ಮಾನ್ವಿಗೆ ಬಂದು ರೊಟ್ಟಿ ಮಾಡಿ ಮಾರುವವಳು. ಮಾಸ್ತರರು ಗುಡಿ ಪೂಜೆಯ ಮನೆತನದವರು. ಅಣ್ಣ, ಅಂದರೆ ಓಣಿಯೆಲ್ಲ ದೊಡ್ಡಾಚಾರ್ರು ಎಂದು ಕರೆಯುವವರು, ಪೂಜೆ ಹಿಡಿದರು. ತಮ್ಮ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದರು. ಹಿರಿಯರ ಮನೆಯನ್ನೇ ನಡುವೆ ಗೋಡೆ ಹಾಕಿ ಇಬ್ಬರೂ ಹಂಚಿಕೊಂಡಿದ್ದರು. ಮಾಸ್ತರರ ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು. ಚೆನ್ನೈಗೆ ಓದಲು ಹೋದವಳು ಅಲ್ಲೇ ಒಬ್ಬ ಕ್ರೈಸ್ತ ಹುಡುಗನನ್ನು ಮದುವೆಯಾದಳು.

ದೊಡ್ಡಾಚಾರ್ರು ಏನು ಮಾಡಿದರು ಗೊತ್ತಾ? ತುಂಗಭದ್ರೆಗೆ ಹೋಗಿ, ಬದುಕಿರುವ ಹುಡುಗಿಯ ಹೆಸರಿನಲ್ಲಿ ಎಳ್ಳು ನೀರು ಬಿಟ್ಟು ಬಂದರು. ಬಂದವರೇ ತಮ್ಮನನ್ನು ದೇವರ ಮುಂದೆ ನಿಲ್ಲಿಸಿ, ಮಗಳ ಜೊತೆ ಇನ್ನು ಮಾತಾಡುವುದಿಲ್ಲ ಎಂದು ಮಾತು ತೆಗೆದುಕೊಂಡರು. ಮಾಸ್ತರರು ಕೊಟ್ಟುಬಿಟ್ಟರು. ಅಣ್ಣನಿಗೆ ಎದುರು ಮಾತಾಡಿ ಗೊತ್ತೇ ಇಲ್ಲದ ಮನುಷ್ಯ.

ವರ್ಷಗಳು ಹೋದವು. ಒಂದು ದಿನ ಮಾಸ್ತರರು ಅವರ ನಮ್ಮ ಅಂಗಳದ ನಡುವಿನ ಗೋಡೆಯ ಮೇಲಿಂದ ಫೋನ್ ಚಾಚಿದರು.

"ತಂಗೀ, ಇದರಾಗ ಒಂದು ಲಿಂಕ್ ಬಂದದ. ಹ್ಯಾಂಗ ತೆರೀಬೇಕು ನೋಡವಾ."

ಮಗಳ ನಂಬರಿನಿಂದ ಬಂದಿತ್ತು. ಜೊತೆಗೆ ಒಂದಕ್ಷರವೂ ಇರಲಿಲ್ಲ, ಬರೀ ಲಿಂಕ್. ತೆರೆದರೆ ಚೆನ್ನೈನ ಯಾವುದೋ ಯುನಿಟೇರಿಯನ್ ಸಭೆಯ ರವಿವಾರದ ಪ್ರಾರ್ಥನೆ. ಕೆಲವರು ಅಲ್ಲೇ ಹೋಗಿ ಕೂಡುತ್ತಾರೆ, ದೂರದವರು ಫೋನಿನಲ್ಲಿ ಕೂಡುತ್ತಾರೆ. ಮಗಳು ಗಂಡನ ಜೊತೆ ಹೋಗುತ್ತಿದ್ದಳಂತೆ. ಯುನಿಟೇರಿಯನ್ ಅಂದರೆ ಏನು ಅಂತ ನನ್ನನ್ನು ಹೆಚ್ಚು ಕೇಳಬೇಡಿ, ಮಾಸ್ತರರು ಹೇಳಿದ್ದನ್ನು ಹೇಳುತ್ತೇನೆ. ದೇವರು ಒಬ್ಬನೇ ಅನ್ನುವ ಕ್ರೈಸ್ತರಿಂದ ಶುರುವಾಗಿದ್ದಂತೆ. ಈಗ ಯಾವ ಧರ್ಮದವರು ಬಂದರೂ, ದೇವರನ್ನೇ ನಂಬದವರು ಬಂದರೂ ಬನ್ನಿ ಎಂದು ಕೂರಿಸಿಕೊಳ್ಳುತ್ತಾರೆ. ಹೆಸರು ಬದಲಿಸು, ಜನಿವಾರ ತೆಗಿ, ಅದೇನೂ ಇಲ್ಲ. ಮಾಸ್ತರರು ಬೆಳಗ್ಗೆ ಸಂಧ್ಯಾವಂದನೆ ಮಾಡುತ್ತಿದ್ದರು, ಆಮೇಲೆ ಇಸ್ತ್ರಿ ಅಂಗಿ ತೊಟ್ಟು, ಫೋನನ್ನು ಅವಲಕ್ಕಿ ಡಬ್ಬಿಗೆ ಆನಿಸಿ, ಮುಂದೊಂದು ಮೇಣಬತ್ತಿ ಹಚ್ಚಿ ಕೂಡುತ್ತಿದ್ದರು. ಅಲ್ಲಿ ಪ್ರಾರ್ಥನೆ ಶುರುವಾಗುವುದೇ ಒಂದು ದೀಪ ಹಚ್ಚುವುದರಿಂದ, ಅದಕ್ಕೆ ಇಲ್ಲೂ ಒಂದು.

ಒಂದು ಹಾಡು, ಏನಾದರೊಂದು ಓದು, ಸಭೆ ನಡೆಸುವ ಹೆಣ್ಣುಮಗಳದೊಂದು ಮಾತು (ನಮ್ಮ ಕಡೆಯಂತೆ ಅವರನ್ನು ಬಾಯಿಯವರು ಅನ್ನುತ್ತೇನೆ)... ಅದಾದ ಮೇಲೆ ಯಾರು ಬೇಕಾದರೂ, ಅಲ್ಲಿನವರಿಗೆ ತಿಳಿಯದಿದ್ದರೂ ತಮ್ಮ ತಮ್ಮ ಭಾಷೆಯಲ್ಲೇ, ತಮ್ಮ ಸುಖವನ್ನೋ ದುಃಖವನ್ನೋ ಹೇಳಿಕೊಳ್ಳಬಹುದು. ಹೇಳಿದವರ ಪಾಲಿಗೆ ಒಂದು ಮೇಣಬತ್ತಿ ಹಚ್ಚುತ್ತಾರೆ. ಒಂದೇ ಕಟ್ಟಳೆ. ಆಡಿದ ಮಾತಿಗೆ ಯಾರೂ ಉತ್ತರ ಕೊಡುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಒಬ್ಬರದು ಮುಗಿದೊಡನೆ ಆ ಬಾಯಿಯವರು ಎಲ್ಲರ ಮೈಕನ್ನೂ ಮ್ಯೂಟ್ ಮಾಡಿ, ಸ್ವಲ್ಪ ಹೊತ್ತು ಸುಮ್ಮನಿರಿಸಿ, ಇನ್ನೊಬ್ಬರದನ್ನು ಬಿಡುತ್ತಿದ್ದರು.

ಮಾಸ್ತರರು ಅದನ್ನು ಹಿಡಿದುಕೊಂಡರು ನೋಡಿ.

"ಇವತ್ತು ನಮ್ಮ ಅಂಗಳದಾಗ ದಾಸವಾಳ ಬಿಟ್ಟದ. ಅದರ ಸಸಿ ಹಚ್ಚಿದಾಕಿ ಇಲ್ಲೆ ಇಲ್ಲ, ಅದೊಂದು ದುಃಖ" ಎಂದು ಸಭೆಗೆ ಹೇಳುತ್ತಿದ್ದರು. ಕೂಸು ಹುಟ್ಟಿದ ಮೇಲೆ ಮನೆಯಿಂದಲೇ ಕೂಡುತ್ತಿದ್ದ ಮಗಳು ಸರದಿ ಬಂದಾಗ ಪರದೆಯ ಇನ್ನೊಂದು ಚೌಕದಿಂದ, "ನಮ್ಮ ಕೂಸಿಗೆ ಎರಡು ಹಲ್ಲು ಬಂದಾವ, ಅದೊಂದು ಖುಷಿ" ಎನ್ನುತ್ತಿದ್ದಳು. ಅವರು ಅವಳ ಜೊತೆ ಮಾತಾಡಲಿಲ್ಲ. ಅವಳೂ ಅವರ ಜೊತೆ ಮಾತಾಡಲಿಲ್ಲ. ಇಬ್ಬರೂ ಸಭೆಗೆ ಹೇಳಿದರು. ಅಣ್ಣನಿಗೆ ಕೊಟ್ಟ ಮಾತೂ ಉಳಿಯಿತು, ಅಪ್ಪ ಮಗಳು ವರ್ಷಗಟ್ಟಲೆ ಹಾಗೇ ಹರಟಿದರು. ನಾನು ಗೋಡೆಯ ಈಚೆ ಹಿಟ್ಟು ನಾದುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಎಲ್ಲರೂ ಚಹಾ ಕುಡಿಯುತ್ತಾ ಮಾತಿಗೆ ಕೂಡುತ್ತಾರೆ. ಆಗ ಮಾಸ್ತರರು ನನಗೂ ಒಂದು ಕಪ್ ಚಹಾ ತಂದು ಗೋಡೆಯ ಮೇಲಿಡುತ್ತಿದ್ದರು.

"ನನಗ್ಯಾಕ್ರೀ ಮಾಸ್ತರ್?"

"ಅಲ್ಲೆ ಎಲ್ಲಾರೂ ಕೂಡಿ ಕುಡೀತಾರವಾ. ಇಲ್ಲೆ ನಾ ಒಬ್ಬನ ಹ್ಯಾಂಗ ಕುಡೀಲಿ?"

ದೊಡ್ಡಾಚಾರ್ರು ಅದನ್ನೂ ನೋಡಿದರು. "ಮೇಣಬತ್ತಿ ಹಚ್ಚಿ ಕಿರಸ್ತಾನ ಆದಿ, ಈಗ ಚಹಾ ಕೊಟ್ಟು ಕುರುಬರಾಕಿ ಜೋಡಿ ನಂಟಸ್ತನ ಸುರು ಮಾಡೀಯೇನು?" ಎಂದು ಅಂಗಳದಲ್ಲಿ ನಿಂತು, ನನಗೆ ಕೇಳಲಿ ಅಂತಲೇ ಕೂಗಿದರು. ಮುಂದಿನ ರವಿವಾರ ಕಪ್ಪಿನ ಜೊತೆ ಎರಡು ಬಿಸ್ಕೀಟೂ ಬಂದವು.

ಕೊನೆಗೊಮ್ಮೆ ಮಾಸ್ತರರು ಧೈರ್ಯ ಮಾಡಿದರು. ಆ ಸಭೆಯಲ್ಲಿ ವರ್ಷಕ್ಕೊಮ್ಮೆ ಹೂವಿನ ರವಿವಾರ ಅಂತ ಮಾಡುತ್ತಾರೆ. ಪ್ರತಿಯೊಬ್ಬರೂ ಒಂದು ಹೂವು ತಂದಿಟ್ಟು, ಹೋಗುವಾಗ ಬೇರೆಯವರು ತಂದ ಹೂವನ್ನು ಒಯ್ಯುತ್ತಾರೆ. ಅದಕ್ಕೆ ತಾವೇ ಚೆನ್ನೈಗೆ ಹೋಗುವುದಾಗಿ ಹೇಳಿದರು. ರಾಯಚೂರಿನಿಂದ ಟಿಕೆಟ್ ಮಾಡಿಸಿದರು.

"ಅಣ್ಣಾವ್ರಿಗೆ ಏನ್ ಹೇಳ್ತೀರಿ?" ಎಂದೆ.

"ಮಾತಾಡಬ್ಯಾಡ ಅಂದಾನ. ಹೋಗಿ ಬಾಜೂಕ ಕೂಡಬ್ಯಾಡ ಅಂದಿಲ್ಲಲ್ಲ" ಎಂದು ಸಣ್ಣ ಮಕ್ಕಳ ಹಾಗೆ ನಕ್ಕರು. ಆ ನಗು...

ಹೋಗಲಾಗಲಿಲ್ಲ. ಹೊರಡುವ ವಾರವೇ, ಸಂಜೆ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮಗಳಿಗೆ ನಾನೇ ಫೋನ್ ಮಾಡಿದೆ. ರಾತ್ರಿಯೇ ರೈಲು ಹತ್ತಿದಳು. ತಾನು ಬರುವ ತನಕ ಕಾಯಿರಿ ಎನ್ನಲು ಗುಂತಕಲ್ಲಿನಿಂದ ಅಪ್ಪನ ನಂಬರಿಗೆ ಕರೆ ಮಾಡಿದಾಗ ಎತ್ತಿದ್ದು ದೊಡ್ಡಾಚಾರ್ರು. ಏನು ಹೇಳಿದರು ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿಷ್ಟೇ, ಬೆಳಗ್ಗೆ ಹೆಣ ಎತ್ತುವ ಅವಸರ ಶುರುವಾಯಿತು.

"ಸ್ವಲ್ಪ ತಡೀರಿ ಆಚಾರ್ರೇ, ರೈಲು ಆದೋನಿ ದಾಟೇದ, ಬರಾಕತ್ತಾಳ" ಎಂದು ಅಂಗಳದಲ್ಲಿ ನಿಂತು ಕೂಗಿದೆ.

ಹೆಗಲು ಕೊಡಲು ನಿಂತವರು ಅವರ ಮುಖ ನೋಡಿದರು. ದೊಡ್ಡಾಚಾರ್ರು ತಣ್ಣಗೆ, "ನಾ ಸ್ವತಃ ಮಾತಾಡೀನಿ. ಬರಂಗಿಲ್ಲ ಅಂದಾಳ. ಈ ರೊಟ್ಟಿ ಬಡಿಯಾಕಿ ಮಾತು ಕೇಳ್ತೀರೋ, ನನ್ನ ಮಾತು ಕೇಳ್ತೀರೋ?" ಎಂದರು. ಓಣಿ ಅವರ ಮಾತು ಕೇಳಿತು. ವೀಡಿಯೋ ಕಾಲ್ ಹಚ್ಚಿ ಮುಖವನ್ನಾದರೂ ತೋರಿಸೋಣ ಎಂದು ಫೋನ್ ಎತ್ತಿದೆ, ಅವರ ಕಡೆಯ ಒಬ್ಬ ಅಡ್ಡ ನಿಂತ. ಎತ್ತಿಕೊಂಡು ಹೋದರು.

ಅವಳು ರಾಯಚೂರಿನಲ್ಲಿ ಇಳಿದು ಬಸ್ಸು ಹಿಡಿದು ಬಂದಾಗ ಎಲ್ಲ ಮುಗಿದಿತ್ತು. ದೊಡ್ಡಾಚಾರ್ರು ಬಾಗಿಲು ತೆರೆಯಲಿಲ್ಲ. "ಬರಂಗಿಲ್ಲ ಅಂದಾಕಿ ಈಗ ಆಸ್ತಿ ನೆನಪಾಗಿ ಬಂದಾಳ" ಎಂದು ಒಳಗಿನಿಂದಲೇ ಓಣಿಗೆ ಕೇಳುವಂತೆ ಹೇಳಿದರು. ಹುಡುಗಿ ನನ್ನ ಮನೆಯಲ್ಲಿ ಕೂತು, ಮುಂದಿಟ್ಟ ರೊಟ್ಟಿ ಮುರಿಯದೆ, "ಅಕ್ಕಾ, ದೊಡ್ಡಪ್ಪ ನನಗ ಕಾಯ್ತೀವಿ ಬಾ ಅಂದಿದ್ರು..." ಎಂದಳು. ಆಮೇಲೆ, "ಅಪ್ಪನ ಮುಖ ಹೆಂಗಿತ್ತು ಅಕ್ಕಾ?" ಎಂದು ಕೇಳಿದಳು.

ನಾನು ಏನೋ ಹೇಳಿದೆ. ಒಬ್ಬ ಅಪ್ಪನ ಮುಖವನ್ನು ಮಾತಿನಲ್ಲಿ ಹೇಗೆ ತೋರಿಸುತ್ತೀರಿ, ನೀವೇ ಹೇಳಿ. ಆ ಪ್ರಶ್ನೆ ಕೇಳಿದ ಗಳಿಗೆಯಲ್ಲೇ ನಿಶ್ಚಯ ಮಾಡಿದೆ, ಈ ಮನುಷ್ಯನನ್ನು ನಾನು ಬಿಡುವುದಿಲ್ಲ.

ದೊಡ್ಡಾಚಾರ್ರಿಗೆ ಒಂದು ಚಟ ಇತ್ತು. ಊರಲ್ಲಿ ಎಲ್ಲೇ ಸಂತಾಪ ಸಭೆ ಆಗಲಿ, ಶಾಲು ಹೊದ್ದು ಹೋಗಿ ಮೈಕು ಹಿಡಿಯಬೇಕು. ಹದಿಮೂರನೇ ದಿನದ ಊಟ ಮುಗಿದ ಮೇಲಿನ ರವಿವಾರ ಆ ಸಭೆಯಲ್ಲಿ ಮಾಸ್ತರರ ನೆನಪಿನ ಪ್ರಾರ್ಥನೆ ಇಟ್ಟಿದ್ದರು. ನಾನು ಹೋಗಿ, ಸೆರಗು ಹೊದ್ದು, ಬಹಳ ವಿನಯದಿಂದ ಹೇಳಿದೆ.

"ಆಚಾರ್ರೇ, ಹೊರಗಿನ ಮಂದಿ ನಿಮ್ಮ ತಮ್ಮನ ಬಗ್ಗೆ ಮಾತಾಡ್ತಾರಂತ. ಮನೀ ಹಿರ್ಯಾರು ನೀವು ಎರಡು ಮಾತು ಆಡದಿದ್ರ ಹೆಂಗ್ರಿ?"

"ಹೊರಗಿನ ಮಂದಿ ಅಂದ್ರ... ಪರದೇಶದವರೂ ಇರ್ತಾರೇನು?"

"ಇರ್ತಾರಂತ್ರಿ."

"ಹಂಗಾರ ಬರ್ತೀನಿ ಬಿಡು."

ನನ್ನ ಟೀವಿಯನ್ನು ಮಾಸ್ತರರ ಪಡಸಾಲೆಗೆ ಹೊತ್ತು, ನನ್ನ ಫೋನು ಹಚ್ಚಿ, ಓಣಿಯವರನ್ನೆಲ್ಲ ಕರೆದೆ, ಹೆಗಲು ಕೊಟ್ಟವರನ್ನು ಮುಖ್ಯವಾಗಿ. ಮಗಳೂ ಅಲ್ಲಿರುತ್ತಾಳೆ ಎಂದು ಯಾರಿಗೂ ಹೇಳಲಿಲ್ಲ. ಇವರು ಬರುತ್ತಾರೆಂದು ಅವಳಿಗೂ ಹೇಳಲಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ, ಅವಳು ಮಾತಾಡುವಾಗ ಇವರು ಉತ್ತರ ಕೊಡಲಾಗದೆ, ಓಣಿಯ ಎದುರು ಬಾಯಿ ಮುಚ್ಚಿಕೊಂಡು ಕೂತು ಕೇಳಬೇಕು.

ಮೊದಲು ಇವರದೇ ಸರದಿ. ಶಾಲು ಸರಿಮಾಡಿಕೊಂಡು ಶುರು ಮಾಡಿದರು. "ನನ್ನ ತಮ್ಮ ನನ್ನ ಬಿಟ್ಟು ಒಂದು ತುತ್ತು ಉಂಡಾಂವಲ್ಲ. ಕಡೀಗೆ ಹೆತ್ತ ಮಗಳೇ ಬರಲಿಲ್ಲ. ನಾನೇ ಮಗನ ಸ್ಥಾನದಾಗ ನಿಂತು ಎಲ್ಲಾ ಮಾಡಿದೆ..." ಸಭೆ ನಡೆಸುವ ಬಾಯಿಯವರು ಕೈ ಮುಗಿದು, ಒಂದು ಮೇಣಬತ್ತಿ ಹಚ್ಚಿ, ಎಂದಿನಂತೆ ಮ್ಯೂಟ್ ಮಾಡಿದರು. ಆಮೇಲೆ ಅಲ್ಲಿಯ ತನಕ ಕಪ್ಪಾಗಿದ್ದ ಒಂದು ಚೌಕ ಬೆಳಗಿತು. ಮಗಳು!

"ನನ್ನ ಹೆಸರಲೆ ಎಳ್ಳು ನೀರು ಬಿಟ್ಟಾರ. ಆದ್ರ ನಾ ಬದುಕೀನಿ" ಎಂದಳು. ದನಿ ಏರಿಸಲಿಲ್ಲ. "ನಾ ಹೊಂಟಿದ್ದೆ. ಆದೋನಿ ದಾಟಿದ್ದೆ. ಗುಂತಕಲ್ಲಿನ್ಯಾಗ ಫೋನ್ ಮಾಡಿದಾಗ ದೊಡ್ಡಪ್ಪ ಕಾಯ್ತೀವಿ ಬಾ ಅಂದ್ರು. ನಾ ನಂಬಿದೆ. ಅಪ್ಪನ ಮುಖ ನಾ ನೋಡಲಿಲ್ಲ. ಅದೊಂದು ದುಃಖ."

ದೊಡ್ಡಾಚಾರ್ರು ಎದ್ದು ನಿಂತರು. ತಮ್ಮ ಮೈಕು ಬಂದ್ ಆಗಿದೆ ಎಂದು ಆ ಮನುಷ್ಯನಿಗೆ ಏನು ಗೊತ್ತು! ಟೀವಿಗೆ ಬೆರಳು ತೋರಿಸಿ ಕೂಗಿದರು.

"ಹೌದಲೇ, ಅಂದೆ! ಕಾಯ್ತೀವಿ ಅಂದೆ! ಇಲ್ಲಂದ್ರ ನೀ ಯಾರ್‍ಯಾರಿಗೆ ಫೋನ್ ಹಚ್ಚಿ ತಡಸ್ತಿದ್ಯೋ! ನೀ ಬಂದು ಮುಟ್ಟೋದ್ರಾಗ ಸುಡಬೇಕಂತನ ಎತ್ತಸೀನಿ, ಏನ್ ಮಾಡ್ತಿ ಈಗ?"

ಅಲ್ಲಿ ಒಬ್ಬರಿಗೂ ಒಂದಕ್ಷರ ಕೇಳಿಸಲಿಲ್ಲ. ಇಲ್ಲಿ ಓಣಿಗೆ ಓಣಿಯೇ ಕೇಳಿತು.

ಹೆಗಲು ಕೊಟ್ಟವರಲ್ಲಿ ಒಬ್ಬ, ಅಕ್ಕಿ ಗಿರಣಿಯ ಹಮಾಲ, ನಿಧಾನಕ್ಕೆ ಎದ್ದ. "ಆಚಾರ್ರೇ, ಮಾಸ್ತರ ಭಾರ ಏನೂ ಇರಲಿಲ್ಲರೀ. ನನ್ನ ಹೆಗಲ ಮ್ಯಾಲ ನಿಮ್ಮ ಸುಳ್ಳು ಹೊರಿಸಿಬಿಟ್ರಿ" ಎಂದು ಚಪ್ಪಲಿ ಮೆಟ್ಟಿ ನಡೆದ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ಆವತ್ತಿನಷ್ಟು ರುಚಿಯಾಗಿ ನಾನು ಎಂದೂ ಉಂಡಿಲ್ಲ.

ಆದರೆ ಟೀವಿಯಲ್ಲಿ ಏನಾಯಿತು ಕೇಳಿ. ಅಲ್ಲಿನವರಿಗೆ ಕಂಡಿದ್ದು ನಡುಗುವ ಒಬ್ಬ ಮುದುಕ, ಅಲುಗುವ ಬಾಯಿ, ಸಿಟ್ಟಿಗೆ ನೀರಾಡಿದ ಕಣ್ಣು. ಪಾಪ, ಅಣ್ಣನಿಗೆ ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡ ಆ ಬಾಯಿಯವರು ಅವರ ಹೆಸರಿನಲ್ಲಿ ಇನ್ನೊಂದು ಮೇಣಬತ್ತಿ ಹಚ್ಚಿದರು! ದೊಡ್ಡಪ್ಪನ ಸಿಟ್ಟಿನ ಮುಖ ಗೊತ್ತಿದ್ದವಳು ಅಲ್ಲಿ ಒಬ್ಬಳೇ. ಅವಳೂ ಸುಮ್ಮನಿದ್ದಳು. ನನಗೆ ಟೀವಿಯೊಳಗೆ ಕೈ ಹಾಕಿ ಆ ಬತ್ತಿ ಚಿವುಟಬೇಕೆನಿಸಿತು.

ಮರುದಿನ ಆ ಹುಡುಗಿಗೆ ಫೋನ್ ಮಾಡಿ ಕೂಗಾಡಿದೆ. "ನಿಮ್ಮೋರಿಗೆ ಬುದ್ಧಿ ಐತೇನು? ಅವರಿಗ್ಯಾಕ ಹಚ್ಚಿದ್ರು?"

"ಅಲ್ಲೆ ಯಾರು ಬಂದ್ರೂ ಹಚ್ತಾರ ಅಕ್ಕಾ. ದೊಡ್ಡಪ್ಪ ಮತ್ತ ಬರ್ತೀನಂದ್ರ ಕೂಡಸ್ರಿ" ಎಂದಳು. ಥೇಟ್ ಅವರಪ್ಪ!

ನಾನು ಕೂರಿಸಲಿಲ್ಲ. ಅವರ ಸಭೆ ಲೋಕದವರನ್ನೆಲ್ಲ ಕೂರಿಸಿಕೊಳ್ಳಲಿ, ಅದು ಅವರ ದೊಡ್ಡತನ. ನಾನು ಸಭೆಯಲ್ಲ, ಮಾಸ್ತರರ ಪಕ್ಕದ ಮನೆಯವಳು. ಆವತ್ತಿನಿಂದ ಈ ಓಣಿಯಲ್ಲಿ ಯಾರು ಸತ್ತರೂ ದೊಡ್ಡಾಚಾರ್ರನ್ನು ಮಾತಿಗೆ ಕರೆದಿಲ್ಲ. ಈಗ ಕೋಲೂರಿಕೊಂಡು ನನ್ನ ಬಾಗಿಲ ಮುಂದೆಯೇ ಗುಡಿಗೆ ಹೋಗುತ್ತಾರೆ, ತಲೆ ಎತ್ತುವುದಿಲ್ಲ. ನಾನು ಮಾತ್ರ ಅವರು ತಿರುವು ದಾಟುವ ತನಕ ನೋಡುತ್ತೇನೆ. ಇದು ತಪ್ಪು ಎಂದು ನಿಮಗನ್ನಿಸಿದರೆ ಅನ್ನಿಸಲಿ.

ಗೆದ್ದೆ, ಅದು ಸರಿ. ಆದರೆ ಆ ಹುಡುಗಿ ಈಗಲೂ ಎಂದಾದರೊಮ್ಮೆ ಫೋನಿನಲ್ಲಿ, ಮಾತು ಮುಗಿದ ಮೇಲೆ, "ಅಕ್ಕಾ, ಅಂಗಿ ಯಾವುದು ಹಾಕಿದ್ರು ಅಪ್ಪ?", "ಕಣ್ಣು ಪೂರ್ತಿ ಮುಚ್ಚಿದ್ವೇನು?" ಎಂದು ಕೇಳುತ್ತಾಳೆ. ನಾನು ಪ್ರತಿ ಸಲ ಹೇಳುತ್ತೇನೆ. ಪ್ರತಿ ಸಲ ಏನೋ ಒಂದು ಬಿಟ್ಟುಹೋಗುತ್ತದೆ...

ನಿಮ್ಮ ಓಣಿಯಲ್ಲೂ ದಾರಿಯಲ್ಲಿದ್ದವರಿಗೆ ಕಾಯದೆ ಹೀಗೆ ಎತ್ತಿಬಿಟ್ಟಿದ್ದಾರಾ? ರೈಲಿನಲ್ಲಿ, ಬಸ್ಸಿನಲ್ಲಿ ಕೂತಿದ್ದವರು ನೀವಾಗಿದ್ದರೆ ಬರೆಯಿರಿ. ಗೊತ್ತಿಲ್ಲದೆ ಹೆಗಲು ಕೊಟ್ಟವರು ನೀವಾಗಿದ್ದರೂ ಬರೆಯಿರಿ. ಒಂದೂ ಬಿಡದೆ ಓದುತ್ತೇನೆ.