ಹೂ ಬಿಡಲೆಂದು ಕಾಯಿಸಿದ ಮರ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ಕ್ಯಾಂಪಸ್ಸಿದೆ. ಮೊದಲು ಅದು ಕುರಿ ಮೇಯುವ ಕಾವಲಾಗಿತ್ತು. ಕಟ್ಟಡ ಎದ್ದಮೇಲೆ ಗೇಟಿನಿಂದ ಆಫೀಸಿನವರೆಗೆ ಎರಡು ಸಾಲು ಅಲಂಕಾರದ ತಾಳೆ ನೆಟ್ಟರು. ನೆರಳಿಲ್ಲ, ಹಣ್ಣಿಲ್ಲ, ಒಂದು ಹಕ್ಕಿಯೂ ಗೂಡು ಕಟ್ಟುವುದಿಲ್ಲ. ಫೋಟೋಗೆ ಮಾತ್ರ ಚೆಂದ. ಹಿಂದಿನ ಬಂಡೆಗಳ ಕಡೆ ಕಮರ, ತುಗ್ಗಲಿ, ಬೇವು, ಬನ್ನಿ ಮರಗಳು ಹೇಗೋ ಬದುಕಿಕೊಂಡಿದ್ದವು.

ನಾನು ಅಲ್ಲಿ ಸಸ್ಯಶಾಸ್ತ್ರ ಕಲಿಸುವವಳು. "ಮರಗಳ ಪಟ್ಟಿ ಕೊಡಿ ಮೇಡಂ, ಪಟ್ಟಿಯಲ್ಲಿರೋದನ್ನ ಯಾರೂ ಮುಟ್ಟಲ್ಲ" ಎಂದು ಕ್ಯಾಂಪಸ್ ನೋಡಿಕೊಳ್ಳುವ ಅಧಿಕಾರಿ ಮಾತು ಕೊಟ್ಟಿದ್ದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಿಸಿಲಲ್ಲಿ ಒಂದೊಂದೇ ಮರ ಗುರುತಿಸಿದೆ. ಹಿಂದಿನ ಬಂಡೆಗಳ ಹತ್ತಿರದ ಒಂದು ಮರ ಮಾತ್ರ ಯಾವುದೆಂದು ಬಗೆಹರಿಯಲಿಲ್ಲ. ಅಂಥದ್ದು ಕ್ಯಾಂಪಸ್ಸಿನಲ್ಲಿ ಇನ್ನೊಂದಿರಲಿಲ್ಲ.

ಒಡೆದ ಕಾಂಪೌಂಡಿನ ಸಂದಿಯಿಂದ ಕುರಿ ಹೊಡೆದುಕೊಂಡು ಬರುವ ಒಬ್ಬ ಅಜ್ಜಿ ನಮ್ಮ ಪೇಚಾಟ ನೋಡುತ್ತಿದ್ದಳು.

"ಸೋಮಿ ಚೆಟ್ಟು, ಸೋಮಿ ಮರ ಕಣಮ್ಮ ಅದು. ಕುರಿ ಬೇದಿ ಮಾಡ್ಕಂಡ್ರೆ ಇದ್ರ ಚಕ್ಕೆ ಕುದಿಸಿ ಕುಡಿಸ್ತೀವಿ. ಬರ್ಕಳಿ."

ನಾನು ನಕ್ಕೆ. ಹೂವು ಕಾಯಿ ನೋಡದೆ ಹೆಸರು ಬರೆಯಬಾರದು ಎಂದು ಮಕ್ಕಳಿಗೆ ಅಲ್ಲೇ ಪಾಠ ಮಾಡಿದೆ, ಅವಳ ಎದುರಿಗೇ. ಹೂ ಬಿಟ್ಟಾಗ ನೋಡೋಣ ಎಂದು ಆ ಸಾಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಆಫೀಸಿನಲ್ಲಿ ಟೈಪ್ ಮಾಡುವಾಗ ಆ ಸಾಲನ್ನೇ ಬಿಟ್ಟರು. ನಾನೂ ತಿರುಗಿ ಓದದೆ ಸಹಿ ಹಾಕಿದೆ.

ಪರಿಶೀಲನಾ ಸಮಿತಿ ಬರುತ್ತದೆಂದು ಕಾರು ನಿಲ್ಲಿಸಲು ಹಿಂಬದಿ ಜಾಗ ಸಪಾಟು ಮಾಡಿದರು. ಪರೀಕ್ಷೆಯ ಮೌಲ್ಯಮಾಪನಕ್ಕೆ ಹೊರಗೆ ಹೋಗಿದ್ದ ನಾನು ನಾಲ್ಕು ದಿನ ಬಿಟ್ಟು ಬಂದರೆ ಆ ಹೆಸರಿಲ್ಲದ ಮರ ತುಂಡುತುಂಡಾಗಿ ಬಿದ್ದಿತ್ತು. ಅಧಿಕಾರಿಯ ಕೋಣೆಗೆ ನುಗ್ಗಿ ಬಾಯಿಗೆ ಬಂದಂತೆ ಬೈದೆ. ಅವರು ಫ್ಯಾನಿನ ಕೆಳಗೆ ಕೂತೇ ಫೈಲು ತೆರೆದು ನನ್ನ ಸಹಿ ತೋರಿಸಿದರು.

"ನಿಮ್ಮ ಪಟ್ಟೀಲಿ ಇರೋ ಒಂದನ್ನಾದ್ರೂ ಮುಟ್ಟಿದ್ದೀವಾ ಮೇಡಂ? ಹೆಸರೇ ಇಲ್ಲದ್ದು ಕಾಡುಗಿಡ ತಾನೇ?"

ನಾಚಿಕೆಗೆಟ್ಟ ಮಾತು. ಹೆಸರು ಗೊತ್ತಿಲ್ಲದಿದ್ದರೆ ಕೊಡಲಿ ಹಾಕಬಹುದೆಂದು ಇವರಿಗೆ ಹೇಳಿಕೊಟ್ಟವರು ಯಾರು? ಬಾಗಿಲು ಧಡಾರನೆ ಹಾಕಿ ಹೊರಗೆ ಬಂದೆ.

ಕಡಿದ ಕೊಂಬೆಗಳ ತುದಿಯಲ್ಲಿ ಸಣ್ಣ ಹಸಿರುಬಿಳಿ ಹೂಗೊಂಚಲು ಬಾಡುತ್ತಿತ್ತು. ಒಂದನ್ನು ಕಿತ್ತು, ಲೆನ್ಸು ಹಿಡಿದು, ಪುಸ್ತಕದ ಪುಟ ಹುಡುಕಿದೆ. ಎಲ್ಲವೂ ಹೊಂದಿತು. ಲ್ಯಾಟಿನ್ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಈ ಕಡೆಯ ಹೆಸರೂ ಇತ್ತು: ಸೋಮಿ.

ಅಜ್ಜಿ ಆಗಲೇ ಅಲ್ಲಿ ಕೂತು ಚಕ್ಕೆ ಸುಲಿದು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ಅಧಿಕಾರಿಯನ್ನು ಬೈಯುತ್ತಲೇ ನಾನು ಅವಳ ಹತ್ತಿರ ಹೋದೆ. ಅವಳು ತಲೆ ಎತ್ತಲಿಲ್ಲ.

"ಅವ್ನಿಗೆ ಗೊತ್ತಿರ್ಲಿಲ್ಲ, ಕಡ್ಸ್ಬುಟ್ಟ. ನಿಮ್ಗೆ ನಾನು ಏಳಿದ್ನಲ್ಲಮ್ಮ."